ಪುಣೆಯ ರಸ್ತೆ ಅಪಘಾತಗಳು: ಸಾಕ್ಷಿಗಳು ಮತ್ತು ಗಾಯಾಳುವಿನ ಪರಿಹಾರ

ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರು ಪುಣೆಯ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಬೆಳಗಾವಿ, ಹುಬ್ಬಳ್ಳಿಗಳಿಂದ ಹೆದ್ದಾರಿ ಹಿಡಿದು ಬರುವವರು ಅದೇ ದಾರಿಯಲ್ಲಿ ನಗರ ಸೇರುತ್ತಾರೆ. 2022ರ ನವೆಂಬರ್‌ನಲ್ಲಿ ಅಲ್ಲಿ ನಡೆದ ಸರಣಿ ಅಪಘಾತದಲ್ಲಿ ಸುಮಾರು 48 ವಾಹನಗಳು ಜಖಂಗೊಂಡವು. ಇಂಥ ರಸ್ತೆಗಳಲ್ಲಿ ಗಾಯಗೊಂಡ ನಮ್ಮವರ ಜೊತೆ ಶಿವಾಜಿನಗರದ ನ್ಯಾಯಾಲಯಕ್ಕೆ ಹೋಗಿ ಬರುವ ನನ್ನನ್ನು ಒಂದು ಸಂಗತಿ ಬಹಳ ಕಾಡುತ್ತದೆ: ಡಿಕ್ಕಿಯನ್ನು ಕಂಡವರಿಗಾಗಿ ಮನೆಯವರು ಊರೆಲ್ಲ ಹುಡುಕುತ್ತಾರೆ, ಗಾಯದ ಪರಿಣಾಮವನ್ನು ಬಲ್ಲವರನ್ನು ಮಾತ್ರ ಕೊನೆಯವರೆಗೂ ನೆನೆಯುವುದಿಲ್ಲ.

ಕಂಡವರು ಬೇಕು, ನಿಜ. ಆದರೆ ಅವರು ಪೊಲೀಸು ಠಾಣೆಗೆ ಹೆದರುತ್ತಾರೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಮು ಗಾಯಾಳುವಿನ ನೆರವಿಗೆ ಬಂದವರನ್ನು ರಕ್ಷಿಸುತ್ತದೆ. ಹೆಸರು, ವಿಳಾಸ ಕೊಡಲೇಬೇಕೆಂದು ಅವರನ್ನು ಬಲವಂತಪಡಿಸುವಂತಿಲ್ಲ. ಆದ್ದರಿಂದ ಸಾಕ್ಷಿ ಹೇಳಲು ಒಪ್ಪಿದವರು ನಮಗೆ ಉಪಕಾರ ಮಾಡುತ್ತಿದ್ದಾರೆಂಬ ಅರಿವಿನಿಂದಲೇ ಅವರೊಡನೆ ಮಾತನಾಡಬೇಕು, ಅಂದೇ ಫೋನ್ ನಂಬರು ಬರೆದುಕೊಳ್ಳಬೇಕು. ಅವರು ಕಾಣದ್ದನ್ನು ಅವರ ಬಾಯಿಂದ ಹೇಳಿಸಲು ಹೋಗಲೇಬಾರದು. ಅದು ಅನ್ಯಾಯ, ಪಾಟೀಸವಾಲಿನಲ್ಲಿ ನಿಲ್ಲುವುದೂ ಇಲ್ಲ. ಇಲ್ಲಿಯ ಕಟ್ಟಡಗಳಲ್ಲಿ ದುಡಿಯುವ ಕಲಬುರಗಿ, ವಿಜಯಪುರದ ಕಡೆಯವರು ಸಾಕ್ಷಿಗಳಾದಾಗ ಹೇಳಿಕೆ ಮರಾಠಿಯಲ್ಲಿ ದಾಖಲಾಗುತ್ತದೆ. ವಾಹನ ಯಾವ ಕಡೆಯಿಂದ ಬಂತು, ಸಿಗ್ನಲ್ ಹೇಗಿತ್ತು ಎಂಬುದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳುವಂತೆ ಅಲ್ಲಿಯೇ ವಿನಂತಿಸಿಕೊಳ್ಳಬೇಕು, ಏಕೆಂದರೆ ಮುಂದೆ ವಿಮಾ ಕಂಪನಿಯ ವಕೀಲರು ಪ್ರತಿಯೊಂದು ವ್ಯತ್ಯಾಸವನ್ನೂ ಎತ್ತಿ ತೋರಿಸುತ್ತಾರೆ.

ಕಂಡವರು ಸಿಗದಿದ್ದರೆ ಎಲ್ಲವೂ ಮುಗಿಯಿತೆಂದಲ್ಲ. ಪರಿಹಾರದ ಅರ್ಜಿಯಲ್ಲಿ ಕ್ರಿಮಿನಲ್ ಮೊಕದ್ದಮೆಯಷ್ಟು ಕಟ್ಟುನಿಟ್ಟಾದ ರುಜುವಾತು ಬೇಕಿಲ್ಲ, ಸಂಭವನೀಯತೆ ಯಾವ ಕಡೆಗೆ ಹೆಚ್ಚೆಂದು ನೋಡಿದರೆ ಸಾಕೆಂದು 2009ರ ಬಿಮಲಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಫ್‌ಐಆರ್, ಸ್ಥಳ ಪಂಚನಾಮೆ, ಪೆಟ್ರೋಲ್ ಪಂಪಿನ ಸಿಸಿಟಿವಿ ದೃಶ್ಯ ಇವೆಲ್ಲ ನೆರವಾಗುತ್ತವೆ. ಹಳೆಯ ದೃಶ್ಯಗಳು ಬೇಗ ಅಳಿಸಿಹೋಗುವುದರಿಂದ ಅವನ್ನು ಕಾದಿಡುವಂತೆ ಪೊಲೀಸರಿಗೆ ತಕ್ಷಣ ಲಿಖಿತ ಮನವಿ ಕೊಡಬೇಕು.

ಪರಿಹಾರದ ಮೊತ್ತವನ್ನು ನಿರ್ಧರಿಸುವವರು ಬೇರೆ ಸಾಕ್ಷಿಗಳು. 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ವಿವರಿಸಿದೆ: ಎಡಗೈ ಕಳೆದುಕೊಂಡವರ ದೈಹಿಕ ಊನ ಸುಮಾರು ಶೇ 60 ಎಂದಿರಬಹುದು, ಆದರೆ ಅವರು ಚಾಲಕರೋ ಬಡಗಿಯೋ ಆಗಿದ್ದರೆ ಗಳಿಕೆಯ ನಷ್ಟ ಹೆಚ್ಚುಕಡಿಮೆ ಶೇ 100; ಸರ್ಕಾರಿ ಗುಮಾಸ್ತರಾಗಿದ್ದರೆ ನೌಕರಿಯೇ ಹೋಗದಿರಬಹುದು. ಈ ಅಂತರವನ್ನು ಅಪಘಾತ ಪರಿಹಾರದ ಅರ್ಜಿಗಳನ್ನು ವಿಚಾರಿಸುವ ನ್ಯಾಯಮಂಡಳಿಯ ಮುಂದೆ ಇಡಬೇಕಾದವರು ಚಿಕಿತ್ಸೆ ನೀಡಿದ ವೈದ್ಯರು ಮತ್ತು ಕೆಲಸ ಕೊಟ್ಟ ಮಾಲೀಕರು. ವೈದ್ಯರು ಬಂದು ಪ್ರಶ್ನೆಗಳಿಗೆ ಉತ್ತರಿಸದಿದ್ದರೆ ಬರಿಯ ಊನದ ಪ್ರಮಾಣಪತ್ರಕ್ಕೆ ಹೆಚ್ಚಿನ ಬೆಲೆಯಿಲ್ಲ. ದಿನಗೂಲಿಯ ಗೌಂಡಿಗೆ ಪಗಾರದ ಚೀಟಿ ಎಲ್ಲಿಂದ ಬರಬೇಕು? ಅವನ ಮೇಸ್ತ್ರಿಯೇ ಬಂದು, ದಿನಕ್ಕೆ ಎಷ್ಟು ಕೊಡುತ್ತಿದ್ದೆ, ಈಗ ಅವನು ಪರಾಂಚಿ (ಕಟ್ಟಡ ಕೆಲಸಕ್ಕೆ ಕಟ್ಟುವ ಅಟ್ಟಣಿಗೆ) ಏರಲಾರ ಎಂದು ಹೇಳಬೇಕು. ಆಸ್ಪತ್ರೆ ಬಿಡುವಾಗಲೇ ಇವರಿಬ್ಬರನ್ನೂ ವಿನಯದಿಂದ ಕೇಳಿ ಒಪ್ಪಿಸಿಕೊಳ್ಳುವುದು ಒಳ್ಳೆಯದು.

ಅರ್ಜಿಯನ್ನು ಅಪಘಾತದ ದಿನದಿಂದ ಆರು ತಿಂಗಳೊಳಗೆ ಸಲ್ಲಿಸಬೇಕೆಂಬ ಮಿತಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆಯಾದರೂ ಆ ಮೊಕದ್ದಮೆಯನ್ನು ನೆಚ್ಚಿ ತಡಮಾಡುವುದು ಸರಿಯಲ್ಲ. ಗಾಯಾಳು ಊರಿಗೆ ಮರಳಿ ಅಲ್ಲಿಯೇ ನೆಲೆಸಿದ್ದರೆ ವಿಜಯಪುರದಲ್ಲಿಯೂ ಅರ್ಜಿ ಹಾಕಬಹುದು. ಆದರೆ ವೈದ್ಯರು, ಮೇಸ್ತ್ರಿ, ಕಂಡವರು ಎಲ್ಲರೂ ಪುಣೆಯಲ್ಲಿದ್ದರೆ, ಪ್ರಯಾಣದ ಕಷ್ಟವಿದ್ದರೂ ಶಿವಾಜಿನಗರವೇ ಮೇಲು ಎಂಬುದು ನನ್ನ ಅಭಿಪ್ರಾಯ.