ಎರಡನೇ ಸಲ ದನಿಯಿಲ್ಲದೆ

ಅಂಚೆಯಲ್ಲಿ ಬಂದ ತಗಡಿನ ಡಬ್ಬಿ ತೆರೆದ ಕೂಡಲೇ ಮೂಸಿ ನೋಡುತ್ತೇನೆ. ಹಳೆಯ ಅಸಿಟೇಟ್ ಫಿಲ್ಮ್ ಕೆಡತೊಡಗಿದರೆ ವಿನೆಗರಿನ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಅದರ ಆವಿಯಿಂದ ಪಕ್ಕದ ರೀಲುಗಳೂ ಬೇಗ ಹಾಳಾಗುತ್ತವೆ. ಅವತ್ತು ಬಂದ ಡಬ್ಬಿಯಲ್ಲಿ ಆ ವಾಸನೆ ಇರಲಿಲ್ಲ. ಒಳಗಿದ್ದದ್ದು 16 ಎಂ.ಎಂ. ಕಪ್ಪುಬಿಳುಪು ರೀಲು, ಟಿಫನಿ ಕಂಪನಿ 1930–31ರಲ್ಲಿ ಹಾಲಿವುಡ್‌ನಲ್ಲಿ ತೆಗೆದ ಚಿಂಪಾಂಜಿ ಹಾಸ್ಯಚಿತ್ರಗಳಲ್ಲಿ ಒಂದು. ಚಿಂಪಾಂಜಿಗಳಿಗೆ ಕೋಟು, ಟೋಪಿ, ಗೌನು ತೊಡಿಸಿ, ಮನುಷ್ಯರ ದನಿ ಸೇರಿಸಿ ಮಾತಾಡಿಸಿದ ಚಿತ್ರಗಳು ಅವು. ಟಾಕಿ ಬಂದು ಎರಡು ಮೂರು ವರ್ಷವಷ್ಟೇ ಆಗಿತ್ತು. ಪ್ರಾಣಿ ಮಾತಾಡುತ್ತದೆ ಅಂದರೆ ಸಾಕು, ಜನ ಬರುತ್ತಿದ್ದರು.

ನಾನಿರುವುದು ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಈ ಹುಚ್ಚು ಹತ್ತಿದ್ದು ಮಾತ್ರ ಊರಿನಲ್ಲಿ. ವಾರ್ತಾ ಇಲಾಖೆಯ ವ್ಯಾನು ಬಂದು ಶಾಲೆಯ ಬಯಲಿನಲ್ಲಿ ಪರದೆ ಕಟ್ಟುತ್ತಿತ್ತು. ಎಲ್ಲರೂ ಪರದೆ ನೋಡುತ್ತಿದ್ದರೆ ನಾನು ಹಿಂದೆ ತಿರುಗಿ ಮೆಷಿನ್ನಿನ ಹತ್ತಿರವೇ ಕೂತಿರುತ್ತಿದ್ದೆ. ಬೆಳಕಿನ ಕೋಲಿನಲ್ಲಿ ಧೂಳು, ಹುಳು, ಬೀಡಿಯ ಹೊಗೆ ತೇಲುತ್ತಿದ್ದವು. ಆ ಕಟಕಟ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಸಂಜೆ ನಾಲ್ಕೈದು ಮನೆಯ ಮಕ್ಕಳು ಬರುವವರಿದ್ದರು. ಮಧ್ಯಾಹ್ನ ರೀಲನ್ನು ಒಮ್ಮೆ ಕೈಯಲ್ಲೇ ನಿಧಾನವಾಗಿ ಸುತ್ತಿ ನೋಡಿದೆ. ಅಂಚಿನಲ್ಲಿ ಕೋಡಾಕ್‌ನವರ ಚೌಕ, ತ್ರಿಕೋನದ ಗುರುತುಗಳಿರುತ್ತವೆ. ಅವುಗಳಿಂದ ಫಿಲ್ಮ್ ಯಾವ ವರ್ಷದ್ದೆಂದು ತಿಳಿಯಬಹುದು, ಆದರೆ ಅವೇ ಗುರುತುಗಳು 20 ವರ್ಷಕ್ಕೊಮ್ಮೆ ಮತ್ತೆ ಬರುತ್ತಿದ್ದುದರಿಂದ ಅದು ಅಂದಾಜಷ್ಟೇ. ಅಷ್ಟರಲ್ಲಿ ಹಳೆಯ ಅಂಟು ಒಂದು ಕಡೆ ಬಿಟ್ಟುಕೊಂಡು ಫಿಲ್ಮ್ ಎರಡು ತುಂಡಾಯಿತು. ಮತ್ತೆ ಅಂಟಿಸುವ ಮೊದಲು ಫ್ರೇಮು ಸರಿಯಾಗಿ ಕೂರುತ್ತದೆಯೇ ಎಂದು ಭೂತಗನ್ನಡಿ ಹಿಡಿದೆ.

ಒಂದು ಅಡಿಗೆ 40 ಫ್ರೇಮು, ಒಂದೊಂದೂ ಕಿರುಬೆರಳಿನ ಉಗುರಿನಷ್ಟು. ಟೋಪಿ ಹಾಕಿದ ಮರಿ ಚಿಂಪಾಂಜಿಯೊಂದು ಕ್ಯಾಮೆರಾ ಕಡೆ ನೋಡುತ್ತಿತ್ತು. ತುಟಿ ಎರಡೂ ಹಿಂದಕ್ಕೆ ಎಳೆದುಕೊಂಡಿದ್ದವು, ಮೇಲಿನ ಸಾಲು, ಕೆಳಗಿನ ಸಾಲು ಪೂರಾ ಕಾಣುತ್ತಿತ್ತು. ಎಷ್ಟೋ ಸಲ ನೋಡಿ ನಕ್ಕ ಮುಖ ಅದು. ಆದರೆ ಚಿಂಪಾಂಜಿ ಹಾಗೆ ಹಲ್ಲು ಬಿಟ್ಟರೆ ಅದು ಹೆದರಿಕೆ, ಇಲ್ಲವೇ ಶರಣಾಗತಿ. ಆಟದ ಖುಷಿಯಲ್ಲಿ ಬಾಯಿ ಸಡಿಲವಾಗಿ ತೆರೆದುಕೊಳ್ಳುತ್ತದೆ, ಮೇಲಿನ ಹಲ್ಲನ್ನು ತುಟಿ ಮುಚ್ಚಿರುತ್ತದೆ. ಓದಿ ತಿಳಿದ ವಿಷಯವೇ. ಚಲಿಸುವ ಚಿತ್ರದಲ್ಲಿ ಅದು ಕಣ್ಣಿಗೆ ಸಿಕ್ಕಿರಲಿಲ್ಲ, ನಿಂತ ಫ್ರೇಮಿನಲ್ಲಿ ಸಿಕ್ಕಿತು. ಚಿಂಪಾಂಜಿಗಳ ನಡವಳಿಕೆಯನ್ನು ಅಧ್ಯಯನ ಮಾಡಿದ ವಿಜ್ಞಾನಿ ಜೇನ್ ಗುಡಾಲ್ ಈಗಿನ ಟಾಂಜಾನಿಯಾದ ಗೊಂಬೆ (Gombe) ಎಂಬ ಕಾಡಿಗೆ ಕಾಲಿಟ್ಟದ್ದು 1960ರಲ್ಲಿ, ಈ ಚಿತ್ರ ತೆಗೆದು 30 ವರ್ಷವಾದ ಮೇಲೆ. ಇಂಥ ಕೆಲಸಕ್ಕೆ ಮರಿಗಳನ್ನೇ ಹಿಡಿಯುತ್ತಿದ್ದರು, ಬೆಳೆದ ಚಿಂಪಾಂಜಿಯನ್ನು ಹತೋಟಿಯಲ್ಲಿಡುವುದು ಮನುಷ್ಯನಿಂದ ಆಗದ ಮಾತು. ತಾಯಿಯ ಬೆನ್ನು ಬಿಡದ ವಯಸ್ಸು ಅವಕ್ಕೆ.

ಸಂಕಟವಾಯಿತು. ಇವತ್ತು ಬೇಡ ಅಂದುಬಿಡಲೇ ಎಂದೂ ಯೋಚಿಸಿದೆ. ಆದರೂ ಈ ರೀಲುಗಳನ್ನು ಮುಚ್ಚಿಡಬೇಕು ಅಂತ ನನಗೆ ಅನಿಸುವುದಿಲ್ಲ. ಆ ಮರಿಗಳು ಬದುಕಿದ್ದವು ಎಂಬುದಕ್ಕೆ ಉಳಿದಿರುವ ಸಾಕ್ಷಿ ಇದೇ. ತುಂಡುಗಳನ್ನು ಜೋಡಿಸಿ ಟೇಪು ಒತ್ತಿದೆ.

ಸಂಜೆ ಬೇಸ್‌ಮೆಂಟಿನ ಗೋಡೆಗೆ ಬಿಳಿ ಪಂಚೆ ಕಟ್ಟಿ ಚಿತ್ರ ಹಾಕಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಮುಗಿದ ಮೇಲೆ ಭೂತಗನ್ನಡಿಯಲ್ಲಿ ಕಂಡದ್ದನ್ನು ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಂಬತ್ತು ವರ್ಷದ ಹುಡುಗಿ ಕೇಳಿದಳು, “ಅಂಕಲ್, ಸೌಂಡ್ ಇಲ್ದೆ ಇನ್ನೊಂದ್ಸಲ ಹಾಕ್ತೀರಾ?”

ದನಿ ಪೂರ್ತಿ ಇಳಿಸಿ ಮತ್ತೆ ಹಾಕಿದೆ. ಮೆಷಿನ್ನಿನ ಕಟಕಟ ಒಂದೇ ಕೇಳುತ್ತಿತ್ತು. ಮನುಷ್ಯರ ಮಾತು ಹೋದ ಮೇಲೆ ಅವುಗಳ ಕೈ, ಕಣ್ಣು ಕಾಣತೊಡಗಿದವು. ಕಾಲರ್ ಬಿಗಿಯಾಗಿ ಒಂದು ಮರಿ ಪದೇ ಪದೇ ಕುತ್ತಿಗೆ ಎಳೆದುಕೊಳ್ಳುತ್ತಿತ್ತು. ಇನ್ನೊಂದು ಚೌಕಟ್ಟಿನ ಆಚೆ ಯಾರನ್ನೋ ನೋಡಿ ನೋಡಿ ತಿರುಗುತ್ತಿತ್ತು. ಕೊನೆಯ ಭಾಗದಲ್ಲಿ, ಮುಂದೆ ಏನೋ ಗಲಾಟೆ ನಡೆದಿರುವಾಗ, ಹಿಂದೆ ಮೂಲೆಯಲ್ಲಿ ಒಂದು ಮರಿ ಜೊತೆಯದರ ಕೋಟಿನ ಗುಂಡಿ ಹಿಡಿದು ಜಗ್ಗಿತು. ಬಾಯಿ ಸಡಿಲವಾಗಿ ತೆರೆದಿತ್ತು, ಕೆಳಗಿನ ಹಲ್ಲು ಮಾತ್ರ ಕಾಣುತ್ತಿತ್ತು.

“ಅಲ್ಲಿ ನೋಡಿ ಅಂಕಲ್, ಅದು ನಿಜವಾಗ್ಲೂ ನಗ್ತಿದೆ!” ಎಂದು ಹುಡುಗಿ ಎದ್ದು ಹೋಗಿ ಪಂಚೆಯ ಮೇಲೆ ಬೆರಳಿಟ್ಟು ತೋರಿಸಿದಳು.

ರಾತ್ರಿ ರೀಲು ವಾಪಸು ಸುತ್ತುವಾಗ ಆ ಜಾಗ ಹುಡುಕಿ, ಸುರುಳಿಯ ನಡುವೆ ಒಂದು ಕಾಗದದ ಚೂರು ಇಟ್ಟೆ.