ಆಕ್ಷೇಪಣೆಗೆ ಮೂವತ್ತು ದಿನ: ಜಾತಿ, ಧರ್ಮ, ದೇಶ ಮೀರಿ ಮದುವೆಯಾಗುವವರಿಗೆ

ಮದುವೆ ಮಾತು ಎದ್ದ ಕೂಡಲೇ ನಮ್ಮ ಕಡೆ ಬರುವ ಮೊದಲ ಪ್ರಶ್ನೆ "ಯಾವ ಜನ?" ಹುಡುಗ ಏನು ಓದಿದ್ದಾನೆ, ಹುಡುಗಿ ಎಲ್ಲಿ ಕೆಲಸ ಮಾಡುತ್ತಾಳೆ ಎಂಬುದೆಲ್ಲ ಆಮೇಲಿನದು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ನಮ್ಮ ದೇಶದ ಸುಮಾರು 30 ಸಾವಿರ ಜನರನ್ನು ಮಾತಾಡಿಸಿ 2021ರಲ್ಲಿ ಸಮೀಕ್ಷೆಯೊಂದನ್ನು ಪ್ರಕಟಿಸಿತು. ತಮ್ಮ ಸಮುದಾಯದ ಹೆಣ್ಣುಮಕ್ಕಳು ಬೇರೆ ಜಾತಿಯವರನ್ನು ಮದುವೆಯಾಗದಂತೆ ತಡೆಯುವುದು ಬಹಳ ಮುಖ್ಯ ಎಂದವರು ಶೇ. 64. ಗಂಡುಮಕ್ಕಳ ವಿಷಯಕ್ಕೆ ಬಂದರೆ ಶೇ. 62. ಧರ್ಮದ ಪ್ರಶ್ನೆಯಲ್ಲಿ ದಕ್ಷಿಣದವರು ಉತ್ತರ, ಮಧ್ಯ ಭಾರತದವರಿಗಿಂತ ಮೆದು ಎಂಬುದೂ ಅದೇ ಸಮೀಕ್ಷೆಯಲ್ಲಿತ್ತು. ಆದರೆ ಆ ಸಮಾಧಾನ ಮಂಡ್ಯದಲ್ಲೋ ಕಲಬುರಗಿಯಲ್ಲೋ ಇವತ್ತು ಮನೆ ಬಿಟ್ಟು ನಿಂತ ಜೋಡಿಗೆ ಉಪಯೋಗಕ್ಕೆ ಬರುವುದಿಲ್ಲ.

ವಿದೇಶಿ ಸಂಬಂಧದಲ್ಲೂ ಇದೇ ತಕ್ಕಡಿ. ಯುರೋಪಿನ ಅಳಿಯ ಬಂದರೆ ಆರತಕ್ಷತೆಗೆ ಊರೆಲ್ಲ ಸೇರುತ್ತದೆ. ಆಫ್ರಿಕಾದ ಅಳಿಯನೆಂದರೆ ಅದೇ ಮನೆಯ ಬಾಗಿಲು ಮುಚ್ಚುತ್ತದೆ. ಅಲ್ಲಿ ದೇಶ ನೆಪ ಮಾತ್ರ, ನೋಡುವುದು ಬಣ್ಣವನ್ನು.

ಈ ಅಸಮ್ಮತಿಗೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ಹುಡುಗನಿಗೆ 21, ಹುಡುಗಿಗೆ 18 ತುಂಬಿದ್ದರೆ ಅಪ್ಪ ಅಮ್ಮನ ಒಪ್ಪಿಗೆಯ ಪ್ರಶ್ನೆಯೇ ಬರುವುದಿಲ್ಲ. ಆದರೂ 1954ರ ವಿಶೇಷ ವಿವಾಹ ಕಾಯ್ದೆ, ಮದುವೆಯಾಗುತ್ತೇವೆ ಎಂದು ಜೋಡಿ ಕೊಡುವ ನೋಟಿಸನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿ, ಆ ಅಸಮ್ಮತಿಗೆ ಮೂವತ್ತು ದಿನಗಳ ಅವಕಾಶ ಮಾಡಿಕೊಟ್ಟಿದೆ. ಜೋಡಿಗಳು ಸಿಕ್ಕಿಬೀಳುವುದು ಹೆಚ್ಚಾಗಿ ಅಲ್ಲೇ.

ಮೊದಲು ಯಾವ ಕಾಯ್ದೆ ಎಂದು ತೀರ್ಮಾನಿಸಿ. ಇಬ್ಬರೂ ಹಿಂದೂಗಳಾಗಿದ್ದು ಜಾತಿ ಮಾತ್ರ ಬೇರೆಯಾಗಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯೇ ಸಾಕು. ಅದರಲ್ಲಿ ನೋಟಿಸ್ ಇಲ್ಲ, ಕಾಯುವ ಅವಧಿಯೂ ಇಲ್ಲ. ಆದರೆ ಶಾಸ್ತ್ರ ನಡೆದಿರಲೇಬೇಕು. ಸಪ್ತಪದಿಯಂಥ ವಿಧಿ ಏನೂ ನಡೆಯದೆ ಬರೀ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಅದು ಮದುವೆಯೇ ಅಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ದುಡ್ಡು ಕೊಟ್ಟರೆ ಒಂದೇ ದಿನದಲ್ಲಿ ಕಾಗದ ಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ನಾಳೆ ಯಾರಾದರೂ ಪ್ರಶ್ನಿಸಿದಾಗ ಆ ಕಾಗದ ನಿಲ್ಲುವುದಿಲ್ಲ. ಫೋಟೊ, ಆಹ್ವಾನ ಪತ್ರಿಕೆ, ಪುರೋಹಿತರ ಹೆಸರು, ಎಲ್ಲವನ್ನೂ ಇಟ್ಟುಕೊಳ್ಳಿ. ಮಂತ್ರ ಮಾಂಗಲ್ಯದ ರೀತಿ ಸರಳವಾಗಿ ಮದುವೆಯಾಗುವವರಿಗೆ ಒಂದು ಮಾತು: ಪುರೋಹಿತರಿಲ್ಲದ ಮದುವೆಗೆ ಮಾನ್ಯತೆ ಕೊಡಲು ತಮಿಳುನಾಡು ಹಿಂದೂ ವಿವಾಹ ಕಾಯ್ದೆಗೆ ಸೇರಿಸಿಕೊಂಡ 7-ಎ ಕಲಂ ನಮ್ಮ ರಾಜ್ಯದಲ್ಲಿ ಇಲ್ಲ. ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿಯನ್ನೂ ಮಾಡಿಸಿಕೊಳ್ಳುವುದು ಕ್ಷೇಮ.

ಧರ್ಮ ಬೇರೆಯಾಗಿದ್ದು ಇಬ್ಬರೂ ತಮ್ಮ ತಮ್ಮ ಧರ್ಮದಲ್ಲೇ ಉಳಿಯುವುದಾದರೆ ಸಾಮಾನ್ಯವಾಗಿ ದಾರಿ ವಿಶೇಷ ವಿವಾಹ ಕಾಯ್ದೆಯದು. ನೋಟಿಸ್ ಕೊಡುವ ಜಿಲ್ಲೆಯಲ್ಲಿ ಇಬ್ಬರಲ್ಲಿ ಒಬ್ಬರಾದರೂ ಅದಕ್ಕೆ ಮುಂಚಿನ 30 ದಿನ ವಾಸವಿರಬೇಕು. ಮೊದಲ ಎಡವಟ್ಟು ಇಲ್ಲೇ ಆಗುತ್ತದೆ. ಪಿಜಿಯಲ್ಲಿರುವವರ ಬಳಿ ವಿಳಾಸದ ಪುರಾವೆ ಇರುವುದಿಲ್ಲ. ಬಾಡಿಗೆ ಕರಾರು ಪತ್ರವನ್ನು ಮುಂಚೆಯೇ ಮಾಡಿಸಿಡಿ.

ಕಾಯ್ದೆಯ ಎರಡನೇ ಅನುಸೂಚಿಯಲ್ಲಿರುವ ನೋಟಿಸ್ ನಮೂನೆಯನ್ನು ಒಮ್ಮೆ ಗಮನವಿಟ್ಟು ಓದಿ. ಹೆಸರು, ಅವಿವಾಹಿತರೋ ವಿಚ್ಛೇದಿತರೋ ವಿಧವೆ ಅಥವಾ ವಿಧುರರೋ ಎಂಬ ವಿವರ, ಉದ್ಯೋಗ, ವಯಸ್ಸು, ಈಗಿನ ವಾಸಸ್ಥಳ, ಅದು ಕಾಯಂ ಅಲ್ಲದಿದ್ದರೆ ಕಾಯಂ ವಿಳಾಸ, ಎಷ್ಟು ಕಾಲದಿಂದ ವಾಸ. ಅಷ್ಟೇ. ಜಾತಿಯ ಕಾಲಂ ಇಲ್ಲ, ಧರ್ಮದ ಕಾಲಂ ಇಲ್ಲ, ತಂದೆ ತಾಯಿಯ ಸಹಿಗೆ ಜಾಗವೂ ಇಲ್ಲ. ಆದರೆ ಆ ಕಾಯಂ ವಿಳಾಸದ ಕಾಲಂ ಇದೆಯಲ್ಲ, ಅದು ಊರಿನವರೆಗೂ ಹೋಗುತ್ತದೆ. ಕಾಯಂ ವಿಳಾಸ ಬೇರೆ ಜಿಲ್ಲೆಯದಾಗಿದ್ದರೆ 6ನೇ ಕಲಂ ಪ್ರಕಾರ ನೋಟಿಸಿನ ಪ್ರತಿಯನ್ನು ಅಲ್ಲಿನ ವಿವಾಹಾಧಿಕಾರಿಗೂ ಕಳಿಸುತ್ತಾರೆ, ಅವರ ಕಚೇರಿಯಲ್ಲೂ ಅಂಟಿಸುತ್ತಾರೆ. ಬೆಂಗಳೂರಿನಲ್ಲಿ ಗುಟ್ಟಾಗಿ ಅರ್ಜಿ ಹಾಕಿದೆವು ಎಂದುಕೊಂಡವರ ಸುದ್ದಿ ಹಾಸನಕ್ಕೆ ತಲುಪುವುದು ಹೀಗೆ. ಹಾಗೆಂದು ಸುಳ್ಳು ವಿಳಾಸ ಬರೆಯಬೇಡಿ. ತಿಳಿದೂ ಸುಳ್ಳು ಘೋಷಣೆ ಕೊಡುವುದು ಅಪರಾಧ. ಆದರೆ ಮನೆಯವರ ಹೆಸರಿಗೆ ನೋಟಿಸನ್ನು ಅಂಚೆಯಲ್ಲಿ ಕಳಿಸಬೇಕೆಂದು ಕಾಯ್ದೆ ಎಲ್ಲೂ ಹೇಳಿಲ್ಲ. 2009ರಲ್ಲಿ ದೆಹಲಿ ಹೈಕೋರ್ಟ್ ಇದನ್ನೇ ಹೇಳಿತು. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್ ಇನ್ನೂ ಮುಂದೆ ಹೋಗಿ, ನೋಟಿಸ್ ಪ್ರಕಟಿಸಬೇಕೋ ಬೇಡವೋ ಎಂಬುದು ಜೋಡಿಯ ಆಯ್ಕೆ ಎಂದಿತು. ಅದು ನಮ್ಮ ರಾಜ್ಯದ ಹೈಕೋರ್ಟ್ ಅಲ್ಲ, ಇಲ್ಲಿನ ಕಚೇರಿಗಳು ಅದನ್ನು ತಾನಾಗಿ ಪಾಲಿಸುತ್ತವೆ ಎಂದು ನೆಚ್ಚಿಕೊಳ್ಳಬೇಡಿ.

ದಿನಗಳ ಲೆಕ್ಕದಲ್ಲಿ ಬಹಳ ಜನ ತಪ್ಪುತ್ತಾರೆ. ಆಕ್ಷೇಪಣೆಯ 30 ದಿನ ಶುರುವಾಗುವುದು ನೋಟಿಸ್ ಪ್ರಕಟವಾದ ದಿನದಿಂದ. ಮದುವೆ ಮುಗಿಸಬೇಕಾದ ಮೂರು ತಿಂಗಳ ಗಡುವು ಶುರುವಾಗುವುದು ನೀವು ನೋಟಿಸ್ ಕೊಟ್ಟ ದಿನದಿಂದ. ಅಂಟಿಸುವುದು ತಡವಾದರೆ ನಷ್ಟ ನಿಮಗೇ. ಸ್ವೀಕೃತಿ ಪಡೆಯಿರಿ, ಯಾವತ್ತು ಅಂಟಿಸಿದರು ಎಂದು ವಿಚಾರಿಸಿ ಬರೆದಿಟ್ಟುಕೊಳ್ಳಿ. ಗಡುವು ದಾಟಿದರೆ ಮತ್ತೆ ಮೊದಲಿನಿಂದ ನೋಟಿಸ್.

ಆಕ್ಷೇಪಣೆಯನ್ನು ಯಾರು ಬೇಕಾದರೂ ಸಲ್ಲಿಸಬಹುದು. ಆದರೆ ಕಾರಣ 4ನೇ ಕಲಮಿನೊಳಗಿನದಾಗಿರಬೇಕು: ಹಿಂದಿನ ಮದುವೆ ಊರ್ಜಿತದಲ್ಲಿರುವುದು, ವಯಸ್ಸು ಸಾಲದಿರುವುದು, ಸಮ್ಮತಿ ಕೊಡುವ ಮಾನಸಿಕ ಸ್ಥಿತಿ ಇಲ್ಲದಿರುವುದು, ನಿಷಿದ್ಧ ರಕ್ತಸಂಬಂಧ. "ನಮ್ಮ ಮರ್ಯಾದೆ ಹೋಗುತ್ತದೆ" ಎಂಬುದು ಆಕ್ಷೇಪಣೆಯಲ್ಲ. ಅಧಿಕಾರಿ 30 ದಿನದೊಳಗೆ ತೀರ್ಮಾನಿಸಬೇಕು. ಆಕ್ಷೇಪಣೆ ಎತ್ತಿಹಿಡಿದು ಮದುವೆ ಮಾಡಿಸಲು ನಿರಾಕರಿಸಿದರೆ ಇನ್ನು 30 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ಆಕ್ಷೇಪಣೆಗೆ ಹುರುಳಿಲ್ಲ, ಸದುದ್ದೇಶವೂ ಇಲ್ಲ ಎಂದು ಕಂಡರೆ ಆಕ್ಷೇಪಿಸಿದವರ ಮೇಲೆ ಸಾವಿರ ರೂಪಾಯಿವರೆಗೆ ಖರ್ಚು ಹಾಕುವ ಅಧಿಕಾರವೂ ವಿವಾಹಾಧಿಕಾರಿಗೆ ಇದೆ. ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ಹೆದರಿ ಕೊನೇ ಗಳಿಗೆಯಲ್ಲಿ ಫೋನ್ ಸ್ವಿಚ್ ಆಫ್ ಮಾಡುವವರಿರುತ್ತಾರೆ, ನಾಲ್ಕನೆಯವರನ್ನೂ ಒಪ್ಪಿಸಿಟ್ಟಿರಿ.

ಮೊದಲೇ ಬೇರೆ ರೀತಿಯಲ್ಲಿ ಮದುವೆಯಾಗಿ, ಆಮೇಲೆ ಇದೇ ಕಾಯ್ದೆಯ 15ನೇ ಕಲಂ ಅಡಿ ನೋಂದಾಯಿಸುವುದಾದರೆ ಹುಡುಗಿಗೂ 21 ತುಂಬಿರಬೇಕು. ಇದು ಗೊತ್ತಿಲ್ಲದೆ ವಾಪಸ್ ಬರುವವರು ಬಹಳ. ವಿದೇಶಿಯರಾದರೆ, ಅವಿವಾಹಿತರು, ಮದುವೆಗೆ ಅಡ್ಡಿಯಿಲ್ಲ ಎಂದು ಅವರ ದೂತಾವಾಸ ಕೊಡುವ ಪತ್ರವನ್ನು ಕಚೇರಿ ಕೇಳುತ್ತದೆ. ಈ ಎಲ್ಲ ದಿನಗಳನ್ನು ಕೂಡಿಸಿ ನೋಡಿ, ವೀಸಾ ಅವಧಿ ಅಷ್ಟು ಇರಲಿ. ಅವರು ಓಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಲು ಮದುವೆ ನೋಂದಣಿಯಾಗಿ ಎರಡು ವರ್ಷ ದಾಂಪತ್ಯ ಮುಂದುವರಿದಿರಬೇಕು.

ಈ ನಡುವೆ ಮನೆಯವರು ಸಾಮಾನ್ಯವಾಗಿ ಮಾಡುವುದು ಎರಡು ಕೆಲಸ: ದಾಖಲೆ ಬಚ್ಚಿಡುವುದು, "ಹುಡುಗಿ ಕಾಣೆ" ಎಂದು ದೂರು ಕೊಡುವುದು. ವಯಸ್ಸಿನ ಪ್ರಶ್ನೆ ಬಂದಾಗ ಗಟ್ಟಿಯಾಗಿ ನಿಲ್ಲುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದು ನಿಮ್ಮ ಕೈಯಲ್ಲಿರಲಿ, ಕಳೆದಿದ್ದರೆ ಮಂಡಳಿಯಿಂದ ಎರಡನೇ ಪ್ರತಿ ತರಿಸಿ. ದೂರು ದಾಖಲಾದರೆ ಓಡಬೇಡಿ. ಸ್ವಇಚ್ಛೆಯಿಂದ ಬಂದಿದ್ದೇನೆ ಎಂಬ ಹೇಳಿಕೆಯನ್ನು ಹುಡುಗಿಯೇ ಬರೆದು, ವಯಸ್ಸಿನ ದಾಖಲೆ ಸೇರಿಸಿ, ಠಾಣೆಗೂ ಎಸ್‌ಪಿ ಕಚೇರಿಗೂ ಕಳಿಸಿ. ಬೆಳಗಾವಿ ಜಿಲ್ಲೆಯ ಪ್ರಕರಣವೊಂದರಲ್ಲಿ ತನಿಖಾಧಿಕಾರಿ, ಠಾಣೆಗೇ ಬಂದು ಹೇಳಿಕೆ ಕೊಡಬೇಕೆಂದು ಹಟ ಹಿಡಿದಿದ್ದರು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಧೋರಣೆಯನ್ನು ತರಾಟೆಗೆ ತೆಗೆದುಕೊಂಡು, ಇಂಥ ಪ್ರಕರಣಗಳನ್ನು ನಿಭಾಯಿಸಲು ಪೊಲೀಸರಿಗೆ ತರಬೇತಿ ಕೊಡಿ ಎಂದಿತು. 2018ರ ಮಾರ್ಚ್ ತೀರ್ಪಿನಲ್ಲಿ ಪ್ರತಿ ಜಿಲ್ಲೆಯಲ್ಲಿ ವಿಶೇಷ ಘಟಕ, ಸಹಾಯವಾಣಿ ಇರಬೇಕೆಂದೂ ಅದೇ ನ್ಯಾಯಾಲಯ ಆದೇಶಿಸಿತ್ತು. ನೀವು ಕಳಿಸುವ ಹೇಳಿಕೆಯಲ್ಲಿ ಈ ಎರಡು ತೀರ್ಪುಗಳನ್ನೂ ಉಲ್ಲೇಖಿಸಿ.

ಆಸ್ತಿ ಹೋಗುತ್ತದೆ ಎಂದು ಹೆದರಿಸುವುದು ಹಳೆಯ ಉಪಾಯ. ಇಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ 1976ರ ತಿದ್ದುಪಡಿಯ ನಂತರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೂ ಏನೂ ಬದಲಾಗುವುದಿಲ್ಲ. ಒಬ್ಬರು ಮುಸ್ಲಿಂ ಅಥವಾ ಕ್ರೈಸ್ತರಾಗಿದ್ದರೆ, ಅವಿಭಕ್ತ ಕುಟುಂಬದ ಹಿಂದೂ ಸದಸ್ಯರು ಕುಟುಂಬದಿಂದ ವಿಭಾಗವಾದಂತೆ ಲೆಕ್ಕ. ಪಾಲು ಹೋಗುವುದಿಲ್ಲ, ಬೇರೆಯಾಗುತ್ತದೆ ಅಷ್ಟೇ. ಮದುವೆಯಿಂದ ಯಾರ ಜಾತಿಯೂ ಬದಲಾಗುವುದಿಲ್ಲ, ಗಂಡನ ಜಾತಿಯ ಮೀಸಲಾತಿ ಹೆಂಡತಿಗೆ ಬರುವುದಿಲ್ಲ. ಮಕ್ಕಳದು ಸಾಮಾನ್ಯವಾಗಿ ತಂದೆಯ ಜಾತಿ ಎಂದು ಭಾವಿಸುತ್ತಾರೆ. ಆದರೆ ಮಗು ದಲಿತ ಅಥವಾ ಬುಡಕಟ್ಟಿನ ತಾಯಿಯ ಸಮುದಾಯದಲ್ಲೇ, ಅದೇ ಅವಮಾನ ಅನುಭವಿಸುತ್ತಾ ಬೆಳೆದಿದೆ ಎಂದು ತೋರಿಸಿದರೆ ತಾಯಿಯ ಜಾತಿಯ ಪ್ರಮಾಣಪತ್ರ ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಅದಕ್ಕೆ ಶಾಲಾ ದಾಖಲೆ, ವಾಸದ ದಾಖಲೆ ಬೇಕಾಗುತ್ತವೆ, ಮಗು ಶಾಲೆಗೆ ಸೇರುವಾಗಿನಿಂದಲೇ ಜೋಡಿಸಿಡುತ್ತಾ ಬನ್ನಿ.