ರಾಕ್ಷಸನೇ ಹರಿಕಥೆಗೆ ನಿಂತರೆ

ದೀಪಾವಳಿ ವಿಶೇಷಾಂಕಕ್ಕೆ ಕಥೆ ಆರಿಸಲು ಕೂತವರಿಗೆ ಈ ವಿಡಂಬನೆ ಚೆನ್ನಾಗಿ ಗೊತ್ತು. ನರಕದವನೊಬ್ಬ ಮಂಗಳೂರಿಗೆ ಇಳಿಯುತ್ತಾನೆ, ಹಂಪನಕಟ್ಟೆಯಲ್ಲಿ ಸುತ್ತುತ್ತಾನೆ, ಲಂಚ, ಕುಡಿತ, ಮೋಸ ಎಲ್ಲ ನೋಡುತ್ತಾನೆ. ಕೊನೆಗೆ 'ಇವರು ನಮ್ಮನ್ನೂ ಮೀರಿಸಿದರು' ಎಂದು ರಾಜೀನಾಮೆ ಕೊಡುತ್ತಾನೆ. ಇಂಥ ಕಥೆ ಪೂರ್ತಿ ಓದುವ ಮೊದಲೇ ವಾಪಸಾಗುತ್ತದೆ. ರಾಕ್ಷಸನಿಗೆ ನಾಚಿಕೆಯಾದ ಕ್ಷಣಕ್ಕೆ ಅವನು ಓದುಗನ ಪಕ್ಷಕ್ಕೆ ಬಂದು ನಿಂತ ಹಾಗೆ. ಇಬ್ಬರೂ ಸೇರಿ ಮೂರನೆಯವರನ್ನು ಬೈಯುತ್ತಾರೆ, ಓದುಗನಿಗೆ ಎಲ್ಲೂ ಚುಚ್ಚುವುದಿಲ್ಲ.

ಯಕ್ಷಗಾನದ ಮಾತಿನ ಕೂಟವಾದ ತಾಳಮದ್ದಳೆ ಕೇಳಿದವರಿಗೆ ಪರಿಹಾರ ಹೊಸತಲ್ಲ. ರಾವಣನ ಅರ್ಥ ಹೇಳುವವರು 'ನಾನು ದುಷ್ಟ' ಎನ್ನುವುದಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರದ ಪಕ್ಷವನ್ನು ಕೊನೆಯವರೆಗೆ ಬಿಡದೆ ವಾದಿಸುತ್ತಾರೆ. ಬರವಣಿಗೆಯ ರಾಕ್ಷಸನಿಗೂ ತನ್ನ ಕೆಲಸದ ಮೇಲೆ ಅಷ್ಟೇ ನಂಬಿಕೆ ಬೇಕು. 'ಹ್ಹ ಹ್ಹ ಹ್ಹ' ಎಂಬ ಅಟ್ಟಹಾಸವನ್ನು ಮಾತ್ರ ಹೊಡೆದುಹಾಕಿ. ಯಕ್ಷಗಾನದಲ್ಲಿ ರಾಕ್ಷಸ ಪಾತ್ರದ ಬಣ್ಣದ ವೇಷದ ಆರ್ಭಟೆಗೆ ಹಿಂದಿನಿಂದ ಚೆಂಡೆ ಇರುತ್ತದೆ, ಕಾಗದದಲ್ಲಿ ಚೆಂಡೆ ಇಲ್ಲ.

ದುರ್ಗುಣ ಒಳಗೆ ಬರುವ ಬಾಗಿಲು ಎಷ್ಟು ಸಣ್ಣದಿದ್ದರೆ ಅಷ್ಟು ಒಳ್ಳೆಯದು. ಮಹಾಭಾರತದ ನಳೋಪಾಖ್ಯಾನದಲ್ಲಿ ಕಲಿಪುರುಷ ನಳನೊಳಗೆ ಸೇರಲು ಕಾಯುತ್ತಾನೆ. 12ನೇ ವರ್ಷದಲ್ಲಿ ನಳ ಒಂದು ದಿನ ಕಾಲು ತೊಳೆಯದೆ ಸಂಧ್ಯಾವಂದನೆಗೆ ಕೂರುತ್ತಾನೆ. ಅಷ್ಟು ಸಾಕಾಯಿತು. ಜೂಜು, ರಾಜ್ಯ ಹೋದದ್ದು, ಕಾಡು ಎಲ್ಲ ಆಮೇಲಿನದು. ನಮಗೆ ಬರುವ ಕಥೆಗಳಲ್ಲಿ ಜೂಜಿನ ದೃಶ್ಯಕ್ಕೆ ಮೂರು ಪುಟ, ಕಾಲು ತೊಳೆಯದ ಗಳಿಗೆಗೆ ಒಂದು ಸಾಲೂ ಇರುವುದಿಲ್ಲ.

ಅರಿಷಡ್ವರ್ಗದಲ್ಲಿ ಕಾಮ, ಕ್ರೋಧ ಬರೆಯುವುದು ಸುಲಭ, ಆದರೆ ಬೇಗ ಸಪ್ಪೆಯಾಗುತ್ತವೆ. ಮದ, ಮತ್ಸರ ಒಳ್ಳೆಯ ಕೆಲಸದ ಸೆರಗಿನಲ್ಲೇ ಅಡಗಿರುವುದರಿಂದ ವಿಡಂಬನೆಗೆ ಹೇಳಿ ಮಾಡಿಸಿದವು. ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಭಕ್ತರು ಅಕ್ಕಿ, ತೆಂಗಿನಕಾಯಿ ಒಪ್ಪಿಸುವ ಹೊರೆಕಾಣಿಕೆಯನ್ನೇ ತೆಗೆದುಕೊಳ್ಳಿ. 'ದಾನ ಕೊಡುವವರಿಗೂ ಎಂಥ ಪ್ರಚಾರದ ಹುಚ್ಚು!' ಎಂದು ರಾಕ್ಷಸ ಉದ್ಗರಿಸಿದರೆ ಅದು ಭಾಷಣ. ಹೀಗೆ ಬರೆದು ನೋಡಿ: 'ಎರಡು ಮುಡಿ ಅಕ್ಕಿ ಕೊಟ್ಟ. ನಾನು ತಡೆಯಲಿಲ್ಲ. ಫ್ಲೆಕ್ಸ್‌ನಲ್ಲಿ ಅವನ ಹೆಸರು ಭಾವನ ಹೆಸರಿನ ಕೆಳಗೆ ಬರುವಂತೆ ನೋಡಿಕೊಂಡೆ. ಉಳಿದದ್ದನ್ನು ಅವನೇ ಮುಗಿಸಿದ.' ಇಲ್ಲಿ ಬೈಗುಳ ಒಂದೂ ಇಲ್ಲ. ಫ್ಲೆಕ್ಸ್‌ನಲ್ಲಿ ತನ್ನ ಹೆಸರು ಹುಡುಕಿದವರಿಗೆಲ್ಲ ತಾಗುತ್ತದೆ.

ಊರಿಗೇ ಸಂಬಂಧಪಟ್ಟ ಒಂದು ಎಡವಟ್ಟು ಇದೆ. ಘಟ್ಟದ ಮೇಲಿನ ಲೇಖಕರು ಪಿಶಾಚಿಯ ಅರ್ಥದಲ್ಲಿ 'ಭೂತ' ಎಂದು ಸಲೀಸಾಗಿ ಬರೆಯುತ್ತಾರೆ. ತುಳುನಾಡಿನಲ್ಲಿ ಭೂತ ಎಂದರೆ ಕೋಲ ಕೊಟ್ಟು ನಂಬುವ ದೈವ, ನ್ಯಾಯ ಕೇಳುವ ಜಾಗ. ಪಂಜುರ್ಲಿಯನ್ನೋ ಗುಳಿಗನನ್ನೋ ನರಕದ ಗುಮಾಸ್ತನಾಗಿಸಿದರೆ ಓದುಗರಿಗೆ ನೋವಾಗುತ್ತದೆ, ಕಥೆಯ ತರ್ಕವೂ ಮುರಿಯುತ್ತದೆ, ಏಕೆಂದರೆ ತಪ್ಪಿಗೆ ದಂಡ ಹಾಕುವವನನ್ನೇ ತಪ್ಪು ಮಾಡಿಸುವವನ ಕುರ್ಚಿಯಲ್ಲಿ ಕೂರಿಸಿದಂತಾಗುತ್ತದೆ. ಕಲಿ, ರಾಕ್ಷಸ, ಕಥೆಯ ಮನೆ ಕ್ರೈಸ್ತರದ್ದಾದರೆ ಸೈತಾನ, ಹೀಗೆ ಆರಿಸಿಕೊಳ್ಳಿ. ಹೆಸರು ಬದಲಿಸಿದರೂ ಬೀದಿ, ಹುದ್ದೆ, ಕಾರಿನ ಬಣ್ಣ ಮೂರೂ ಒಬ್ಬ ನಿಜವಾದ ವ್ಯಕ್ತಿಗೆ ಹೊಂದಿಕೆಯಾದರೆ ಮಾನನಷ್ಟದ ನೋಟಿಸ್ ಬರಬಹುದು. ಎರಡನ್ನಾದರೂ ಬದಲಿಸಿ.

ಭಾಷೆಗೆ ಸರಕಾರಿ ಕಡತದ ಕನ್ನಡ ಚೆನ್ನಾಗಿ ಒಗ್ಗುತ್ತದೆ: 'ಮೇಲ್ಕಂಡ ಗೃಹಸ್ಥರು ಸದರಿ ದಿನ ಸುಳ್ಳು ಹೇಳಿರುವುದಿಲ್ಲ, ಕಾರಣ ಕೇಳಿ ಪತ್ರ ಬರೆಯಲಾಗಿದೆ.' ಎರಡು ಪ್ಯಾರಾದವರೆಗೆ ನಗು ಬರುತ್ತದೆ, ಆಮೇಲೆ ಬೇಸರ. ಪುಣ್ಯಕ್ಕೆ 'ನಷ್ಟ', ಪಶ್ಚಾತ್ತಾಪಕ್ಕೆ 'ಸೋರಿಕೆ' ಎನ್ನುವಂಥ ತಿರುಗುಮುರುಗು ಪದಗಳು ನಾಲ್ಕೈದು ಸಾಕು. ಹೆಚ್ಚಾದರೆ ಓದುಗ ನಿಘಂಟು ಹಿಡಿದು ಕೂರಬೇಕು.

ಉದ್ದ 1,200 ಪದದೊಳಗಿರಲಿ. ಮುಗಿಸಲು ಜಾಗ ಸಿಗದಿದ್ದರೆ ಕೊನೆಯ ಪ್ಯಾರಾ ಕಿತ್ತು ನೋಡಿ, ರಾಜೀನಾಮೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅದರ ಬದಲು ರಾಕ್ಷಸ ಮರುದಿನದ ಪಟ್ಟಿ ತೆಗೆದು ಮುಂದಿನ ಮನೆಯ ನಂಬರು ಓದಲಿ.